ಚಂದ್ರನ ಮೇಲೆ ಬೀಳದ ನೆರಳು

"ನಿಮಗೆ ಎಷ್ಟು ವರ್ಷ ಆಯ್ತು ಸರ್ವಿಸ್?"

ಕಿರಿಯ ಮೇಷ್ಟ್ರುಗಳ ಬಾಯಿ ಮುಚ್ಚಿಸಲು ಹಿರಿಯರ ಕೈಯಲ್ಲಿ ಇದಕ್ಕಿಂತ ಒಳ್ಳೆಯ ಬೆತ್ತ ಇನ್ನೊಂದಿಲ್ಲ. ಕಳೆದ ತಿಂಗಳು ನಾನೂ ಅದನ್ನು ಬೀಸಿದೆ. ಒಂದು ಕೋಣೆ ತುಂಬ ಕೂತಿದ್ದ ಸಹೋದ್ಯೋಗಿಗಳ ಎದುರು.

"ಎರಡು ವರ್ಷ ಮೇಡಂ."

"ನನಗೆ ಇಪ್ಪತ್ತೊಂದು. ಕೂತ್ಕೊಳ್ಳಿ."

ಅವರು ಕೂತರು. ಆಮೇಲಿನ ಒಂದು ವಾರ ನಾನು ನೆಮ್ಮದಿಯಾಗಿ ಕೂರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಅಂತ ಈ ಅಂಕಣ ಓದುವವರಿಗೆ ಗೊತ್ತೇ ಇದೆ. ನಮ್ಮ ಮೂಡಿಗೆರೆ ತಾಲ್ಲೂಕಿನ ಏಳೆಂಟು ಶಾಲೆಗಳ ವಿಜ್ಞಾನ ಶಿಕ್ಷಕರು ಪ್ರತಿ ಎರಡನೇ ಶನಿವಾರ ಯಾವುದಾದರೊಂದು ಶಾಲೆಯಲ್ಲಿ ಸೇರುತ್ತೇವೆ. ಪ್ರಶ್ನೆಪತ್ರಿಕೆ ತಯಾರಿಗೆ ಅಂತ ಶುರುವಾಗಿದ್ದು. ಆಮೇಲೆ ಒಬ್ಬರ ಪಾಠವನ್ನು ಉಳಿದವರು ನೋಡುವುದು, ತಿದ್ದುವುದು ಅಂತಾಯಿತು. (ತಿದ್ದುವುದು ಅಂದೆನೇ? ಮೂರು ವರ್ಷದಲ್ಲಿ ಯಾರೂ ಯಾರನ್ನೂ ತಿದ್ದಿರಲಿಲ್ಲ. "ತುಂಬ ಚೆನ್ನಾಗಿತ್ತು" ಅಂದು ಕಾಫಿ ಕುಡಿದು ಬಸ್ಸಿಗೆ ಓಡುತ್ತಿದ್ದೆವು.)

ಅವತ್ತು ನನ್ನ ಸರದಿ. ಹಿಂದಿನ ಬೆಂಚಿನಲ್ಲಿ ಜಿಲ್ಲಾ ಶಿಕ್ಷಣ ಕಚೇರಿಯಿಂದ ಬಂದಿದ್ದ ಸಾಹೇಬರು ಕೂತಿದ್ದರು. ಪಾಠ ಅವರಿಗೆ ಹಿಡಿಸಿದರೆ ಮುಂದಿನ ಶನಿವಾರ ಚಿಕ್ಕಮಗಳೂರಿನಲ್ಲಿ ಇಡೀ ಜಿಲ್ಲೆಯ ಶಿಕ್ಷಕರಿಗೆ ಅದನ್ನೇ ಮಾಡಿ ತೋರಿಸುವ ಅವಕಾಶ. ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಸ ಸೀರೆ ಉಟ್ಟು ಹೋಗಿದ್ದೆ.

ಚಂದ್ರ ಯಾಕೆ ದಿನಕ್ಕೊಂದು ಆಕಾರದಲ್ಲಿ ಕಾಣುತ್ತಾನೆ? ಇದು ಪಾಠ. ಕಿಟಕಿ ಮುಚ್ಚಿಸಿದೆ. ಟಾರ್ಚು ಸೂರ್ಯ, ಗ್ಲೋಬು ಭೂಮಿ, ಸುಣ್ಣ ಬಳಿದ ಚೆಂಡು ಚಂದ್ರ. ಗ್ಲೋಬಿನ ನೆರಳು ಚೆಂಡಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಬೀಳುವಂತೆ ಸರಿಸುತ್ತಾ ಹೋದೆ. ಭೂಮಿಯ ನೆರಳು ಎಷ್ಟು ಬಿತ್ತೋ ಚಂದ್ರ ಅಷ್ಟು ಮರೆ. ಪೂರ್ತಿ ಬಿದ್ದರೆ ಅಮಾವಾಸ್ಯೆ. ಇಪ್ಪತ್ತೊಂದು ವರ್ಷದಿಂದ ಇದೇ ಪಾಠ, ಇದೇ ಗ್ಲೋಬು. ಚಪ್ಪಾಳೆ ಬಿತ್ತು.

ಆಗ ಎದ್ದವರು ಪ್ರಸನ್ನ. ಕಳಸದ ಕಡೆಯ ಶಾಲೆಯವರು. ಎರಡು ಬಸ್ಸು ಬದಲಿಸಿ ಬರುತ್ತಾರೆ, ಯಾವಾಗಲೂ ಬಾಗಿಲ ಹತ್ತಿರ ಕೂರುತ್ತಾರೆ.

"ಮೇಡಂ, ನೀವು ತೋರಿಸಿದ್ದು ಗ್ರಹಣ ಆಗ್ಲಿಲ್ವಾ? ನಾಳೆ ಬೆಳಗ್ಗೆ ಸೂರ್ಯ ಹುಟ್ಟಿದ ಮೇಲೂ ಅರ್ಧ ಚಂದ್ರ ನೆತ್ತಿ ಹತ್ರ ಇರ್ತಾನೆ. ಸೂರ್ಯ ಪೂರ್ವಕ್ಕಿದ್ರೆ ಭೂಮಿ ನೆರಳು ಪಶ್ಚಿಮಕ್ಕೆ ಹೋಗ್ತದೆ. ನೆತ್ತಿ ಮೇಲಿನ ಚಂದ್ರನ ಮೇಲೆ ಅದು ಹೇಗೆ ಬೀಳ್ತದೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಸರ್ವಿಸ್ ಇತ್ತು. ಅದನ್ನೇ ತೆಗೆದು ಬೀಸಿದೆ.

ಕೂರುವ ಮೊದಲು ಅವರು ಮೆಲ್ಲಗೆ, ನಾಳೆ ಬಿಸಿಲಿನಲ್ಲಿ ಒಂದು ಕಿತ್ತಳೆ ಹಣ್ಣನ್ನು ಚಂದ್ರನ ಕಡೆಗೆ ಹಿಡಿದು ನೋಡಿ ಅಂದರು. ಯಾರೋ ಕೆಮ್ಮಿದರು. ಉಳಿದವರು ತಮ್ಮ ತಮ್ಮ ಪುಸ್ತಕ ನೋಡಿಕೊಂಡರು. ಸಾಹೇಬರು ಎದ್ದು, ಪಾಠ ಬಹಳ ಚೆನ್ನಾಗಿದೆ, ಮುಂದಿನ ಶನಿವಾರ ಇದನ್ನೇ ತನ್ನಿ ಅಂತ ಅಪ್ಪಣೆ ಕೊಟ್ಟರು. ಕಾಫಿ ಹೊತ್ತಿನಲ್ಲಿ ಪ್ರಸನ್ನ ಒಬ್ಬರೇ ಜಗಲಿಯಲ್ಲಿ ನಿಂತಿದ್ದರು. ಯಾರೂ ಹತ್ತಿರ ಹೋಗಲಿಲ್ಲ. ನಾನಂತೂ ಆ ಕಡೆ ತಿರುಗಲೂ ಇಲ್ಲ.

ಗೋಣಿಬೀಡಿನ ಮನೆಗೆ ಬಂದವಳೇ ಪಠ್ಯಪುಸ್ತಕ ತೆಗೆದೆ. ನೆರಳು ಎಂಬ ಮಾತು ಆ ಪಾಠದಲ್ಲಿ ಎಲ್ಲೂ ಇರಲಿಲ್ಲ. ಗ್ರಹಣದ ಪಾಠದಲ್ಲಿತ್ತು. ಇನ್ನೊಮ್ಮೆ ಓದಿದೆ. ಇರಲಿಲ್ಲ. ನನ್ನ ಮೇಷ್ಟ್ರು ನನಗೆ ಹೇಳಿದ್ದನ್ನು ನಾನು ನನ್ನ ಮಕ್ಕಳಿಗೆ ಹೇಳುತ್ತಾ ಬಂದಿದ್ದೆ, ಅಷ್ಟೆ. ಗೊತ್ತಿರುವ ಪಾಠವನ್ನು ಯಾರಾದರೂ ಮತ್ತೆ ಓದುತ್ತಾರೆಯೇ?

ಭಾನುವಾರ ಬೆಳಗ್ಗೆ ಕಿತ್ತಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಳಕ್ಕೆ ಇಳಿದೆ. (ಯಜಮಾನರು ನೋಡಿದರೆ ಏನು ಹೇಳುವುದು?) ಕಾಫಿ ಕುಯ್ಲಿನ ಕಾಲ. ರಸ್ತೆಯಲ್ಲಿ ಕೆಲಸದವರು ಎಸ್ಟೇಟಿನ ಕಡೆ ಹೊರಟಿದ್ದರು. ಆಕಾಶ ತಿಳಿಯಾಗಿತ್ತು. ಪೂರ್ವದ ಗುಡ್ಡದ ಮೇಲೆ ಸೂರ್ಯ. ನೆತ್ತಿಯ ಹತ್ತಿರ ಮಾಸಲು ಬಿಳಿಯ ಅರ್ಧ ಚಂದ್ರ. ನನ್ನ ನೆರಳು ಉದ್ದಕ್ಕೆ ಪಶ್ಚಿಮಕ್ಕೆ ಚಾಚಿ ಬೇಲಿ ಮುಟ್ಟಿತ್ತು.

ಕಿತ್ತಳೆಯನ್ನು ಚಂದ್ರನ ಪಕ್ಕಕ್ಕೆ ಬರುವಂತೆ ಎತ್ತಿ ಹಿಡಿದೆ. ಹಣ್ಣಿನ ಪೂರ್ವದ ಮಗ್ಗುಲು ಬೆಳಗಿತ್ತು, ಪಶ್ಚಿಮದ ಮಗ್ಗುಲು ಕಪ್ಪಾಗಿತ್ತು. ಚಂದ್ರನೂ ಹಾಗೇ ಇದ್ದ. ಗೆರೆ ಕೊರೆದ ಹಾಗೆ, ಅಷ್ಟೇ ಅರ್ಧ. ಯಾವ ನೆರಳೂ ಅವನನ್ನು ಮುಟ್ಟಿರಲಿಲ್ಲ. ಬಿಸಿಲು ಬಿದ್ದ ಮಗ್ಗುಲಲ್ಲಿ ನಮಗೆಷ್ಟು ಕಾಣುತ್ತದೋ ಅಷ್ಟೇ ಚಂದ್ರ.

ಕೈ ಇಳಿಸಲು ಮರೆತು ನಿಂತಿದ್ದೆ. ಆಗ ಶಾಂತಾ ನೆನಪಾದಳು.

ಹತ್ತು ಹನ್ನೆರಡು ವರ್ಷದ ಹಿಂದೆ ನನ್ನ ಎಂಟನೇ ಕ್ಲಾಸಿನಲ್ಲಿದ್ದ ಹುಡುಗಿ. ಎಸ್ಟೇಟ್ ಮೇಸ್ತ್ರಿಯ ಮಗಳು, ತೋಟದ ದಾರಿಯಲ್ಲಿ ನಡೆದು ಬರುತ್ತಿದ್ದಳು. ಇದೇ ಪಾಠದ ನಡುವೆ ಎದ್ದು ನಿಂತು ಕೇಳಿದ್ದಳು: "ಟೀಚರ್, ಈಗ ಬರುವಾಗ ಸೂರ್ಯನೂ ಇದ್ದ, ಅರ್ಧ ಚಂದ್ರನೂ ಇದ್ದ. ಮತ್ತೆ ನೆರಳು ಎಲ್ಲಿಂದ ಬಂತು?" ಮೊದಲು ಪುಸ್ತಕ ನೋಡು, ಆಮೇಲೆ ಆಕಾಶ ನೋಡುವಿಯಂತೆ ಅಂದಿದ್ದೆ. ಕ್ಲಾಸು ನಕ್ಕಿತ್ತು. ಎದುರು ಮಾತಾಡಿದ್ದಕ್ಕೆ ಪೀರಿಯಡ್ ಮುಗಿಯುವವರೆಗೆ ಹೊರಗೆ ನಿಲ್ಲಿಸಿದ್ದೆ. ಅವಳು ಆಮೇಲೆ ಯಾವತ್ತೂ ಕೈ ಎತ್ತಲಿಲ್ಲ.

ಪುಸ್ತಕವನ್ನು ನಾನೇ ನೋಡಿರಲಿಲ್ಲ!

ಈಗೇನು ಮಾಡುವುದು? ಸುಮ್ಮನಿರಬಹುದಿತ್ತು. ಸಾಹೇಬರು ಒಪ್ಪಿದ್ದರು. ಎದುರಾಡಿದವರು ಒಬ್ಬರು, ಅವರೂ ಕೂತಾಗಿತ್ತು. ಎರಡು ದಿನ ಹಾಗೇ ಕಳೆದೆ. ಚಿಕ್ಕಮಗಳೂರಿನ ಶಿಕ್ಷಕರೆಲ್ಲ ಆ ಗ್ಲೋಬು ಹಿಡಿದು ತಮ್ಮ ತಮ್ಮ ಊರಿಗೆ ಹೋಗುವ ಚಿತ್ರ ಕಣ್ಣ ಮುಂದೆ ಬರುತ್ತಿತ್ತು.

ಮಂಗಳವಾರ ಸಂಜೆ ಪ್ರಸನ್ನ ಅವರ ರೂಮಿನ ಕೆಳಗಿನ ಅಂಗಡಿಗೆ ಫೋನ್ ಮಾಡಿದೆ. ಕರೆಸುತ್ತೇನೆ, ಹಿಡ್ಕೊಳ್ಳಿ ಅಂದರು ಅಂಗಡಿಯವರು. ಇಟ್ಟುಬಿಡಲೇ ಅಂತ ಮೂರು ಸಲ ಅನ್ನಿಸಿತು. ಕೊನೆಗೆ ಮೆಟ್ಟಿಲಿಳಿದು ಬಂದ ಏದುಸಿರು ಕೇಳಿಸಿತು.

"ಮೇಡಂ, ಅವತ್ತು ನಾನು ಎಲ್ಲರೆದುರು ಹಾಗೆ ಮಾತಾಡಬಾರ್ದಿತ್ತು," ಅಂದರು ಮೊದಲಿಗೇ.

"ನೀವು ಹೇಳಿದ್ದೇ ಸರಿ," ಅಂದೆ. "ಕಿತ್ತಳೆ ಹಿಡಿದು ನೋಡ್ದೆ."

ಆಮೇಲೆ ಅವರು ಹೇಳಿದ್ದು ನನಗೆ ನೂರು ಸಾಂತ್ವನಕ್ಕಿಂತ ದೊಡ್ಡದು. ಹಿಂದಿನ ವರ್ಷದವರೆಗೆ ಅವರೂ ನೆರಳು ಅಂತಲೇ ಕಲಿಸಿದ್ದರಂತೆ. ತರಬೇತಿಯಲ್ಲಿ ಪರಿಚಯವಾದ ನಾಲ್ಕೈದು ಮಂದಿ ಶಿಕ್ಷಕರು ಬೇರೆ ಬೇರೆ ಊರಿನಿಂದ ತಿಂಗಳಿಗೊಂದು ಕಾಗದ ಬರೆದುಕೊಳ್ಳುತ್ತಾರೆ. "ಈ ತಿಂಗಳು ನನಗೆ ಗೊತ್ತಿಲ್ಲದ್ದು" ಅಂತ ಶುರು ಮಾಡಬೇಕು, ಅದೊಂದೇ ನಿಯಮ. ಹಾಗೆ ಬಂದ ಒಂದು ಕಾಗದ ಅವರನ್ನು ತಿದ್ದಿತ್ತು. ಶನಿವಾರ ನನ್ನ ಜೊತೆ ನಿಂತು ಪಾಠ ಮಾಡುತ್ತೀರಾ ಅಂತ ಕೇಳಿದೆ. ಬರ್ತೇನೆ ಅಂದರು.

ಶನಿವಾರ ಸಭೆಗೆ ಮೊದಲೇ ಸಾಹೇಬರಿಗೆ ವಿಷಯ ತಿಳಿಸಿದೆ. ಅವರ ಮುಖ ಬಿಗಿಯಿತು.

"ನಾನು ಒಪ್ಪಿದ ಪಾಠ ತಪ್ಪು ಅಂತ ನೀವು ಅಲ್ಲಿ ನಿಂತು ಹೇಳಿದ್ರೆ ನನ್ನ ಗತಿ ಏನು ಮೇಡಂ? ಬೇರೆ ಯಾವುದಾದ್ರೂ ಪಾಠ ಮಾಡಿ, ಮುಗಿಸಿ."

ಮೊದಲು ನಾನು ತಪ್ಪಿದೆ ಅಂತ ಹೇಳುತ್ತೇನೆ, ನಿಮ್ಮ ಹೆಸರು ಎತ್ತುವುದಿಲ್ಲ ಅಂದೆ. ಅವರು ಎದ್ದು ಒಳಗೆ ಹೋದರು. ನನ್ನ ಮುಂಬಡ್ತಿಯ ವರದಿ ಬರೆಯುವ ಕೈ ಅವರದೇ ಅಲ್ಲವೇ?

ಹೇಳಿದೆ. ಎಷ್ಟು ವರ್ಷ ಏನು ಕಲಿಸಿದೆ, ಯಾರು ಕೇಳಿದರು, ಅವರನ್ನು ಹೇಗೆ ಕೂರಿಸಿದೆ, ಎಲ್ಲ. ಆಮೇಲೆ ಪ್ರಸನ್ನ ಎಲ್ಲರನ್ನೂ ಬಯಲಿಗೆ ಕರೆದೊಯ್ದು ಕೈಗೊಂದು ಕಿತ್ತಳೆ ಕೊಟ್ಟರು. ಬಿಸಿಲಿಗೆ ಎದುರಾಗಿ, ಪಕ್ಕಕ್ಕೆ, ಬೆನ್ನ ಹಿಂದೆ ತಿರುಗಿಸಿ ತಿರುಗಿಸಿ ಹಿಡಿಸಿದರು. ಬಿದಿಗೆಯಿಂದ ಹುಣ್ಣಿಮೆಯವರೆಗೆ ಎಲ್ಲ ಚಂದ್ರರೂ ಆ ಹಣ್ಣಿನ ಮೇಲೆ ಬಂದು ಹೋದರು.

ಮತ್ತೆ ಒಳಗೆ ಬಂದು ಕೂತ ಮೇಲೆ ಒಬ್ಬರು ಹಿರಿಯರು, ನಿವೃತ್ತಿಗೆ ಹತ್ತಿರದವರು, ಹಣ್ಣನ್ನು ಮೇಜಿನ ಮೇಲಿಟ್ಟರು.

"ಇಷ್ಟು ವರ್ಷ ಕಲಿಸಿದ್ದು ತಪ್ಪು ಅಂತ ಹೋಗಿ ಹೇಳಿದ್ರೆ ಮಕ್ಕಳೆದುರು ನಮ್ಮ ಮರ್ಯಾದೆ ಏನಾಗ್ಬೇಕಮ್ಮ?"

ನನಗೆ ಗೊತ್ತಿಲ್ಲ ಸರ್ ಅಂದೆ. ಬಹುಶಃ ಇಪ್ಪತ್ತೊಂದು ವರ್ಷದಲ್ಲಿ ಸಭೆಯೊಂದರಲ್ಲಿ ನಾನು ಆ ಮಾತು ಆಡಿದ್ದು ಅದೇ ಮೊದಲು. ಆಗ ವಸ್ತಾರೆಯ ಕಡೆಯಿಂದ ಬಂದಿದ್ದ ಒಬ್ಬ ಶಿಕ್ಷಕಿ ಕೈ ಎತ್ತಿ, ತಾನೂ ನೆರಳು ಅಂತಲೇ ಕಲಿಸಿದ್ದೇನೆ ಅಂದರು. ಇನ್ನೊಂದು ಕೈ ಎದ್ದಿತು. ಮತ್ತೊಂದು. ಸಾಹೇಬರು ಕಿಟಕಿಯಾಚೆ ನೋಡುತ್ತಿದ್ದರು. ಹಿರಿಯರು ಕೈ ಎತ್ತಲಿಲ್ಲ, ಆದರೆ ಹೋಗುವಾಗ ಕಿತ್ತಳೆಯನ್ನು ಜೇಬಿಗೆ ಹಾಕಿಕೊಂಡರು. ನನ್ನ ವರದಿ ಏನಾಗುತ್ತದೋ ಇನ್ನೂ ಗೊತ್ತಿಲ್ಲ.

ಸೋಮವಾರ ನನ್ನ ಕ್ಲಾಸಿನ ಮಕ್ಕಳಿಗೂ ಹೇಳಿದೆ. ಅವರು ನಗಲಿಲ್ಲ. ಹಾಗಾದರೆ ಇನ್ನೇನೇನು ತಪ್ಪಿರಬಹುದು ಟೀಚರ್ ಅಂತ ಆಸೆಯಿಂದ ಕೇಳಿದರು.

ಉಳಿದಿದ್ದು ಶಾಂತಾ. ಅವಳ ಗಂಡ ಮಲ್ಲಂದೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಅಂತ ವಿಚಾರಿಸಿ ತಿಳಿದುಕೊಂಡು, ಕಳೆದ ಭಾನುವಾರ ಹೋದೆ. ಎಸ್ಟೇಟಿನವರ ಸಾಲುಮನೆಗಳಲ್ಲೊಂದಾದ ಲೈನ್ ಮನೆಯ ಮುಂದೆ ಮಗುವಿಗೆ ತಲೆ ಬಾಚುತ್ತಿದ್ದವಳು ಗಾಬರಿಯಿಂದ ಎದ್ದು ನಿಂತಳು. ಟೀಚರ್ ಮನೆಗೆ ಬಂದರೆ ಈಗಲೂ ಗಾಬರಿಯೇ. ಕಾಫಿ ಕೊಡುವವರೆಗೂ ಕಾಯದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವತ್ತು ನೀನು ಕೇಳಿದ್ದೇ ಸರಿ, ನಿನ್ನನ್ನು ಹೊರಗೆ ನಿಲ್ಲಿಸಬಾರದಿತ್ತು ಅಂದೆ.

ಅವಳು ಮಗುವಿನ ಜಡೆಗೆ ಟೇಪು ಕಟ್ಟಿ ಮುಗಿಸಿದಳು.

"ನಂಗೆ ಅವತ್ತೇ ಗೊತ್ತಿತ್ತು ಟೀಚರ್. ದಿನಾ ನೋಡ್ತಿದ್ನಲ್ಲ."

"ಮತ್ತೆ ಪರೀಕ್ಷೇಲಿ ಎಂತ ಬರ್ದೆ?"

"ನೆರಳು ಅಂತಲೇ ಬರ್ದೆ. ನೀವು ಪೂರ್ತಿ ಮಾರ್ಕ್ಸ್ ಕೊಟ್ರಿ."

ಕಣ್ಣಾರೆ ಕಂಡ ನಿಜವನ್ನು ಬಿಟ್ಟು ಸುಳ್ಳು ಬರೆಯಲು ಒಂದು ಮಗುವಿಗೆ ಕಲಿಸಿದ ಟೀಚರಿಗೆ ನೀವಾದರೆ ಎಷ್ಟು ಮಾರ್ಕ್ಸ್ ಕೊಡುತ್ತೀರಿ?