ಹಿಂದಿನ ಗಾಜಿನ ಕೆಳಗಿನ ಗೆರೆ

ಮಗಳು ಅಡಿಲೇಡ್ ಬಿಟ್ಟು ಪರ್ತ್‌ಗೆ ಹೊರಟಾಗ ನನ್ನ ಹಳೆಯ ಕಾರನ್ನೇ ಕೇಳಿದಳು. ಅಲ್ಲಿನ ಜೂಂಡಲಪ್‌ನಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿತ್ತು. ಹೆಂಡತಿ ಆಗಲೇ ಕೆಲಸದ ಮೇಲೆ ಬ್ರಿಸ್ಬೇನ್ ಸೇರಿದ್ದಳು. ಮೂರು ಊರಿಗೂ ಬೇರೆ ಬೇರೆ ಸಮಯ; ಇನ್ನು ಮೇಲೆ ಗಡಿಯಾರ ನೋಡದೆ ಯಾರಿಗೂ ಫೋನ್ ಮಾಡುವ ಹಾಗಿರಲಿಲ್ಲ.

ನಿರ್ಜನವಾದ ನಲ್ಲಾರ್ಬರ್ ಬಯಲು ದಾಟಿ ಅವಳೊಬ್ಬಳೇ ದಿನಗಟ್ಟಲೆ ಓಡಿಸಬೇಕಾದ ಆ ದಾರಿಯ ಬಗ್ಗೆ ಯೋಚಿಸುತ್ತಾ ಟೈರು, ಕಾಂಗರೂ, ಲಾರಿ ಎಲ್ಲಕ್ಕೂ ಹೆದರಿದೆ. ಯಾವುದೂ ನನ್ನ ಕೈಲಿರಲಿಲ್ಲ. ಆದರೆ ಕಾರಿನ ಹಿಂದಿನ ಗಾಜಿನಲ್ಲಿ ಕರೆಂಟ್‌ನಿಂದ ಬಿಸಿಯಾಗಿ ಮಂಜು ಕರಗಿಸುವ ಗೆರೆಗಳಲ್ಲಿ ಕೆಳಗಿನದೊಂದು ತುಂಡಾಗಿತ್ತು. ಅದು ನನ್ನ ಇಲಾಖೆ! ಮಾಸನ್ ಲೇಕ್ಸ್‌ನ ಕಂಪನಿಯೊಂದರಲ್ಲಿ ನಾನು ಮಾಡುವುದೇ ಅದು: ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿಯ ಶಾಯಿಯಿಂದ ಕರೆಂಟ್ ಹರಿಯುವ ಗೆರೆಗಳನ್ನು ಅಚ್ಚು ಹಾಕುವುದು.

"ಅಪ್ಪಾ, ಇಟ್ಸ್ ಜಸ್ಟ್ ಒನ್ ಲೈನ್. ಮಿರರ್ಸ್ ಇದೆಯಲ್ಲಾ!"

"ಮಿರರ್ ಮೇಲೂ ಮಂಜು ಕೂರತ್ತೆ ಕಣೇ."

ಕಂಪನಿಯ ಶಾಯಿಯನ್ನು ಓವನ್‌ನಲ್ಲಿ ಕಾಯಿಸಬೇಕು; ಕಾರನ್ನು ಓವನ್‌ಗೆ ಹಾಕುವುದು ಹೇಗೆ? ಅಂಗಡಿಯಿಂದ ತಾನಾಗಿ ಒಣಗುವ ಬೆಳ್ಳಿ ಶಾಯಿಯ ಪುಟ್ಟ ಶೀಶೆಯೊಂದನ್ನು ತಂದೆ. ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಮೇಲೊಂದು ಕೆಳಗೊಂದು ಟೇಪ್ ಅಂಟಿಸಿ, ನಡುವೆ ಕುಂಚ ಎಳೆದೆ. ಒದ್ದೆಯಿದ್ದಾಗ ಬೆಳ್ಳಿಯ ಕಣಗಳು ದೂರದೂರ ತೇಲುತ್ತಿರುತ್ತವೆ. ಒಣಗಿ ಒಂದಕ್ಕೊಂದು ತಗುಲಿದ ಮೇಲೆಯೇ ಕರೆಂಟ್.

"ಎರಡು ದಿನ ಒಣಗ್ಬೇಕು," ಎಂದೆ.

ಅವಳು ಶೀಶೆ ತಿರುಗಿಸಿ ಓದಿದಳು. "ಟ್ವೆಂಟಿಫೋರ್ ಅವರ್ಸ್ ಅಂತಿದೆ."

"ಚಳಿಗಾಲ ಅಲ್ವಾ?"

ನನ್ನ ಮುಖ ನೋಡಿದಳು. "ಓಕೆ ಅಪ್ಪಾ. ಟೂ ಡೇಸ್."

ಆ ಹೆಚ್ಚಿನ ದಿನ ಗ್ಲೆನೆಲ್ಗ್ ಕಡಲತೀರಕ್ಕೆ ಹೋಗಿ, ನೀರಿನೊಳಕ್ಕೆ ಚಾಚಿದ ಜೆಟ್ಟಿಯ ತುದಿವರೆಗೆ ನಡೆದು ಚಿಪ್ಸ್ ತಿಂದೆವು. ಗಾಳಿ ಜೋರಿತ್ತು, ಅವಳ ಜಾಕೆಟ್ ತೆಳುವೆಂದು ಕೊರಗಿದೆ.

ಹೊರಡುವ ಬೆಳಿಗ್ಗೆ ಅವಳು ಡ್ರೈವರ್ ಸೀಟಿನಲ್ಲಿ ಕೂತು ಸ್ವಿಚ್ ಹಾಕಿದಳು. ನಾನು ಕಾರಿನ ಹಿಂದೆ ನಿಂತೆ. ಮಂಜು ಗೆರೆಗೆರೆಯಾಗಿ ಕರಗಿತು, ಕೆಳಗಿನ ಗೆರೆಯಲ್ಲೂ.

"ವರ್ಕ್ ಆಗ್ತಿದೆಯಾ?"

"ಆಗ್ತಿದೆ!"

"ನಾನು ಕಾಣ್ತೀನಾ?"

"ಇಲ್ಲ. ನಿನ್ನ ದಿಂಬು ಕಾಣ್ತಿದೆ."

ಸಾಮಾನು ಚಾವಣಿಯವರೆಗೆ ತುಂಬಿತ್ತು. ಪರ್ತ್ ತಲುಪುವವರೆಗೂ ಆ ಗಾಜಿನಿಂದ ಯಾರಿಗೂ ಏನೂ ಕಾಣುವಂತಿರಲಿಲ್ಲ. ಇಷ್ಟು ದಿನ ಇಷ್ಟೆಲ್ಲ ಚಿಂತಿಸಿದವನಿಗೆ ಇದೊಂದು ಹೊಳೆದಿರಲಿಲ್ಲ. ಅವಳು ನಕ್ಕಳು, ಹಾರ್ನ್ ಮಾಡಿದಳು, ಹೋದಳು.

ಕಾರ್ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಉಳಿಯಿತು. ನಾನು ಟ್ರೈನ್‌ನಲ್ಲಿ ಕೆಲಸಕ್ಕೆ ಹೋಗತೊಡಗಿದೆ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂಬ ಅಂದಾಜು ಸಿಗದೆ ದಿನವೂ ಹಿಂದಿನ ದಿನದ ಅನ್ನವನ್ನೇ ಉಣ್ಣುತ್ತಿದ್ದೆ. ಭಾನುವಾರಗಳಲ್ಲಿ ನನ್ನ ದನಿ ನನಗೇ ಕೇಳಿಸುತ್ತಿದ್ದುದು ಫೋನ್ ಬಂದಾಗ ಮಾತ್ರ.

ಕೆಲವು ವಾರಗಳ ನಂತರ ಜೂಂಡಲಪ್‌ನಿಂದ ಫೋಟೋ ಬಂತು. ಒದ್ದೆ ಬೆಳಗು, ಖಾಲಿ ಹಿಂದಿನ ಸೀಟು, ತಿಳಿಯಾದ ಗಾಜು. "ಆಲ್ ಲೈನ್ಸ್ ವರ್ಕಿಂಗ್," ಎಂದು ಬರೆದಿದ್ದಳು. ಕನ್ನಡಕ ಹಾಕಿಕೊಂಡು ಚಿತ್ರ ಹಿಗ್ಗಿಸಿದೆ. ಕೆಳಗಿನ ಗೆರೆಯ ಬಳಿ ಸ್ವಲ್ಪ ಮಸುಕಿದೆಯೇನೋ ಅನ್ನಿಸಿತು. ಇನ್ನೊಂದು ಸಲ ಹಚ್ಚಬೇಕಾಗಬಹುದು ಎಂದು ಬರೆದೆ.

ಉತ್ತರ ಇಂಗ್ಲಿಷ್ ಅಕ್ಷರಗಳಲ್ಲಿತ್ತು, ಆದರೆ ಕನ್ನಡದಲ್ಲಿ: "ಹಾಗಾದ್ರೆ ಬಾ."

ಆ ಶೀಶೆಯನ್ನು ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ ಎಂಬ ಚಿಂತೆ ಆಗಲೇ ಹತ್ತಿಕೊಂಡಿತು.