ರಾಯರ ಪಂಚೆಯ ಅಂಚು

ಮನೆ ಖಾಲಿ ಮಾಡುವಾಗ ಮನುಷ್ಯನ ಬಂಡವಾಳ ಬಯಲಾಗುತ್ತದೆ. ಮಲೇಷ್ಯಾದಲ್ಲಿ, ಸುಬಾಂಗ್ ಜಯಾದ ನಮ್ಮ ಮನೆಯ ಮೆಟ್ಟಿಲ ಕೆಳಗಿನ ಗೂಡನ್ನು ಕಳೆದ ವಾರ ತೆರೆದಾಗ ನನ್ನದೂ ಬಯಲಾಯಿತು. ಎರಡು ತಿಂಗಳು ಉತ್ಸಾಹದಿಂದ ಬಾರಿಸಿ ಬಿಟ್ಟ ಹಾರ್ಮೋನಿಯಂ, ಹೊಟ್ಟೆ ಕರಗಿಸಲೆಂದು ತಂದು ಮುಟ್ಟದೇ ತುಕ್ಕು ಹಿಡಿದ ಡಂಬೆಲ್ಲು, ಇವೆಲ್ಲದರ ಹಿಂದೆ ಒಂದು ಹಸಿರು ಬೆನ್ನುಚೀಲ. ಅದನ್ನು ಕೊಡವಿದೆ. ಟೈಲ್ಸಿನ ಮೇಲೆ ಒಂದು ಹಿಡಿ ಬಿಳಿ ಮರಳು ಸುರಿಯಿತು. ಮರಳಿನ ಜೊತೆ ಬಟ್ಟೆಯ ಸಣ್ಣ ಗಂಟೂ ಬಿತ್ತು.

“ಏನ್ರೀ ಇದು ಚಿಂದಿ? ಎಸೀಲಾ?” ಎಂದಳು ಹೆಂಡತಿ.

“ಬೇಡ” ಎಂದೆ. ನನ್ನ ಮುಖ ನೋಡಿ ಅವಳು ಹಾರ್ಮೋನಿಯಂ ಒರೆಸಲು ತೊಡಗಿದಳು.

ಚಿಂದಿ ಎಂದದ್ದು ಸುಳ್ಳಲ್ಲ. ಹಳೆಯ ಪಂಚೆಯ ಕೆಂಪು ಅಂಚನ್ನು ಬೆರಳಗಲಕ್ಕೆ ಹರಿದ ಹದಿನಾಲ್ಕು ತುಂಡುಗಳು. ಪಂಚೆ ಶ್ರೀಪತಿ ರಾಯರದು.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಇದೇ ದೇಶದ ನಿಲಾಯ್‌ನಲ್ಲಿದ್ದೆವು. ನಾನು ಮೈಸೂರಿನಿಂದ ಬಂದು ಒಂದು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುತ್ತಿದ್ದೆ. ಉಡುಪಿಯ ರಾಯರು ಅಲ್ಲೇ ಪೆಥಾಲಜಿಯಲ್ಲಿದ್ದರು. ಐವತ್ತೈದರ ಆಸುಪಾಸು, ಕಡ್ಡಿಯಂಥ ಮೈ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತರೆ ಪಕ್ಕದಲ್ಲಿ ಕಾಫಿ ಆರಿಹೋದದ್ದೂ ಗೊತ್ತಾಗದು. ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಬೇರೆಯವರು ತಲೆ ಕೆರೆದುಕೊಂಡ ಸ್ಲೈಡುಗಳೆಲ್ಲ ಕೊನೆಗೆ ಅವರ ಮೇಜಿಗೆ ಬರುತ್ತಿದ್ದವು. “ರಾಯರು ನೋಡಿದ್ರಾ?” ಎಂದು ಕೇಳಿದರೆ ಅಲ್ಲಿಗೆ ಚರ್ಚೆ ಮುಗಿಯಿತು.

ಆ ರಾಯರಿಗೆ ಕಾಡು ಸುತ್ತುವ ಹುಚ್ಚು. ಐದಾರು ಕನ್ನಡ ಸಂಸಾರಗಳನ್ನು ವ್ಯಾನಿಗೆ ತುಂಬಿಕೊಂಡು ತಿಂಗಳಿಗೊಮ್ಮೆ ಹೊರಡುತ್ತಿದ್ದರು. ನನ್ನಂಥವರು ಹೋಗುತ್ತಿದ್ದುದು, ನಿಜ ಹೇಳಬೇಕೆಂದರೆ, ಅವರ ಹೆಂಡತಿ ಸುಮತಿ ಅಕ್ಕ ಕಟ್ಟಿಕೊಡುತ್ತಿದ್ದ ಚಿತ್ರಾನ್ನಕ್ಕಾಗಿ. ಹೊರಡುವ ಹಿಂದಿನ ಸಂಜೆ ಅಕ್ಕ ಹಳೆಯ ಪಂಚೆಯ ಅಂಚು ಹರಿದು ತುಂಡು ಮಾಡಿಡುತ್ತಿದ್ದರು. ಹೋಗುವಾಗ ರಾಯರು ಮುಂದೆ ನಡೆದು, ದಾರಿ ಕವಲೊಡೆಯುವಲ್ಲೆಲ್ಲ ಒಂದೊಂದು ತುಂಡನ್ನು ಗಿಡಕ್ಕೆ ಕಟ್ಟುವರು. ಬರುವಾಗ ಎಲ್ಲರಿಗಿಂತ ಹಿಂದೆ ನಡೆದು ಒಂದೊಂದಾಗಿ ಬಿಚ್ಚಿಕೊಳ್ಳುವರು. ಕಟ್ಟುವವರೂ ಅವರೇ, ಬಿಚ್ಚುವವರೂ ಅವರೇ. “ಕಾಡಿಗೆ ನಾವು ಬಂದು ಹೋದದ್ದು ಗೊತ್ತಾಗ್ಬಾರ್ದು ಮಾರಾಯ್ರೆ” ಎನ್ನುತ್ತಿದ್ದರು.

ದೇಶವಿಡೀ ಕಾಡ್ಗಿಚ್ಚಿನ ಹೊಗೆ ಮುಸುಕಿ ನಾವೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ ವರ್ಷವೊಂದಿತ್ತಲ್ಲ, ಅದರ ಮರುವರ್ಷ ಪೂರ್ವ ಕರಾವಳಿಯ ಒಂದು ಸಂರಕ್ಷಿತ ಕಾಡಿಗೆ ಹೋದೆವು. ಕಾಡೆಂದರೆ ಆಕಾಶ ಮುಟ್ಟುವ ಮರಗಳನ್ನು ನೆನೆಸಿಕೊಳ್ಳಬೇಡಿ. ಸ್ವಲ್ಪ ದೂರ ಮಾತ್ರ ಹಾಗಿತ್ತು. ಆಮೇಲೆ ಬಿಳಿ ಮರಳ ನೆಲ, ಅದರ ಮೇಲೆ ತಲೆಯೆತ್ತರದ ಕುರುಚಲು, ಕಾಗದದಂತೆ ತೊಗಟೆ ಸುಲಿಯುವ ಗೆಲಾಮ್ ಮರಗಳು, ಚಹಾ ಬಣ್ಣದ ಒಂದು ತೊರೆ, ಕೊನೆಗೆ ಸಮುದ್ರದ ಪಕ್ಕದ ಮರಳ ದಿಬ್ಬಗಳು. ಸರವಾಕಿನಿಂದ ಬಂದಿದ್ದ ಅಲ್ಲಿನ ಗಾರ್ಡು, ಇಂಥ ನೆಲವನ್ನು ತಮ್ಮ ಕಡೆ ‘ಕೆರಾಂಗಸ್’ ಅನ್ನುತ್ತಾರೆ, ಭತ್ತ ಬೆಳೆಯದ ನೆಲ ಎಂದು ವಿವರಿಸಿದ. ಆ ಕುರುಚಲಿನ ತೊಂದರೆಯೆಂದರೆ ಒಂದು ಪೊದೆಗೂ ಇನ್ನೊಂದಕ್ಕೂ ಹತ್ತು ಪೈಸೆಯ ವ್ಯತ್ಯಾಸವಿಲ್ಲ. ಪ್ರಾಣಿಗಳು ತುಳಿದ ಜಾಡುಗಳು ಎಲ್ಲ ದಿಕ್ಕಿಗೂ ಒಡೆದಿದ್ದವು. ಅಂದು ರಾಯರು ಹದಿನಾಲ್ಕು ತುಂಡು ಕಟ್ಟಿದರು.

ಮಂಡಿನೋವಿದ್ದ ಸುಮತಿ ಅಕ್ಕ ವ್ಯಾನಿನ ಹತ್ತಿರವೇ ಉಳಿದಿದ್ದರು. ದಿಬ್ಬದ ಮೇಲೆ ನಾವು ಚಿತ್ರಾನ್ನ ತಿಂದೆವು. ಎದ್ದಾಗ ರಾಯರು, “ನೀವೆಲ್ಲ ಹೊರಡಿ, ನಾನು ಹಿಂದಿನಿಂದ ಬರ್ತೇನೆ” ಎಂದರು. ಪ್ರತಿ ಸಲ ಹೇಳುವ ಮಾತೇ ಆದ್ದರಿಂದ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬರುವಾಗ ಕಂಡಿದ್ದ, ಕೀಟ ತಿನ್ನುವ ಹೂಜಿಗಿಡವನ್ನು ಇನ್ನೊಮ್ಮೆ ನೋಡಲು ಅವರು ದಿಬ್ಬದ ಮಗ್ಗುಲಿಗೆ ಇಳಿದಿದ್ದರಂತೆ. ನಾನು ಶೂ ಬಿಚ್ಚಿ ಮರಳು ಕೊಡವುತ್ತ ಕೂತಿದ್ದೆ. ತಲೆ ಎತ್ತಿದರೆ ದೂರದಲ್ಲಿ ಎಲ್ಲರೂ ಸಾಲಾಗಿ ಹೋಗುತ್ತಿದ್ದರು. ಕಾಲೇಜಿನ ಕ್ರೀಡಾದಿನದಂದು ಹಂಚಿದ್ದ ಒಂದೇ ಥರದ ಬಿಳಿ ಟೋಪಿ ಎಲ್ಲರ ತಲೆಯ ಮೇಲೂ. ಸಾಲಿನ ಮಧ್ಯದ ಸಣಕಲು ಬೆನ್ನನ್ನು ರಾಯರದೆಂದೇ ತಿಳಿದೆ.

ಮೊದಲ ಗುರುತಿನ ಹತ್ತಿರ ಬಂದರೆ ಕೆಂಪು ಅಂಚು ಗಿಡದಲ್ಲೇ ಇತ್ತು. ಅಯ್ಯೋ, ಇವತ್ತು ರಾಯರು ಮರೆತೇಬಿಟ್ಟರಲ್ಲ ಎಂದು ನನಗೆ ಎಂಥ ಖುಷಿ! ಬಿಚ್ಚಿದೆ. ಮುಂದಿನದನ್ನೂ ಬಿಚ್ಚಿದೆ. ವ್ಯಾನಿನ ಹತ್ತಿರ ಎಲ್ಲರೆದುರು ಗಂಟನ್ನು ಅವರ ಕೈಗಿಟ್ಟು, “ಏನ್ ಸಾರ್, ವಯಸ್ಸಾಯ್ತಾ?” ಎಂದು ಕಾಲೆಳೆಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ನಡೆದೆ. ಹದಿನಾಲ್ಕನ್ನೂ ಬಿಚ್ಚಿದೆ. ಅಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿದವನಲ್ಲ.

ವ್ಯಾನಿನ ಹತ್ತಿರ ನನ್ನ ಎಂಟು ವರ್ಷದ ಮಗಳು ಕೇಳಿದಳು: “ಅಪ್ಪಾ, ವೇರ್ ಈಸ್ ರಾಯರಜ್ಜ?”

ಅವರು ಸಿಕ್ಕಿದ್ದು ಸಂಜೆ ನಾಲ್ಕಕ್ಕೆ. ಗೆಲಾಮ್ ಮರದ ಬುಡದಲ್ಲಿ ಒರಗಿ ಕೂತಿದ್ದರು. ತುಟಿ ಒಡೆದಿತ್ತು, ಅಂಗಿ ಪೊದೆಗೆ ಸಿಕ್ಕಿ ಹರಿದಿತ್ತು. ಗಾರ್ಡು ಅವರನ್ನು ಹೆಗಲು ಕೊಟ್ಟು ಕರೆತಂದು, “ಅಂಕಲ್ ಓಕೆ ಲಾ, ಟಯರ್ಡ್ ಓನ್ಲಿ” ಎಂದು ನಮಗೆ ಧೈರ್ಯ ಹೇಳಿದ. ಸುಮತಿ ಅಕ್ಕ ಅಳುತ್ತ ನೀರು ಕುಡಿಸಿದರು. ರಾಯರು ಎರಡು ಗುಟುಕು ಕುಡಿದು ನನ್ನನ್ನೇ ನೋಡಿ ಹೇಳಿದರು:

“ಒಂದು ಗುರುತೂ ಕಾಣ್ಲಿಲ್ಲ ಮಾರಾಯ್ರೆ. ನಾನೇ ಕಟ್ಟಿದ್ದು. ಸುತ್ತಿ ಸುತ್ತಿ ಅಲ್ಲಿಗೇ ಬಂದೆ, ಒಂದೂ ಕಾಣ್ಲಿಲ್ಲ.”

ಗಂಟು ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಬಾಯಿ ತೆರೆದೆ. ಅಕ್ಕನ ಅಳು, ಎಲ್ಲರ ಕಣ್ಣು. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಜೇಬಿನಿಂದ ಬೆನ್ನುಚೀಲಕ್ಕೆ ಗಂಟನ್ನು ದಾಟಿಸಿದ್ದು ಯಾರೂ ನೋಡದ ಹಾಗೆ.

ಮರುವಾರ ರಾಯರು ಕಣ್ಣಿನ ಡಾಕ್ಟರ ಬಳಿ ಹೋದರು. ಕಣ್ಣು ಚೆನ್ನಾಗಿತ್ತು. ನನಗೆ ಸಮಾಧಾನವಾಯಿತು, ಇನ್ನು ಹೇಳುವ ಅಗತ್ಯವೇ ಇಲ್ಲ ಎಂದುಕೊಂಡೆ. ರಾಯರ ಲೆಕ್ಕ ಬೇರೆಯಿತ್ತು. ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕೂತು, ಶಾಂತವಾಗಿ, ರಿಪೋರ್ಟು ಓದುವವರ ಹಾಗೆ ಹೇಳಿದರು: “ಕಣ್ಣು ಸರಿ ಉಂಟಂತೆ. ಹಾಗಾದ್ರೆ ಕೆಟ್ಟದ್ದು ತಲೆ. ಎದುರಿಗೇ ಇದ್ದದ್ದನ್ನು ತಲೆ ಕಾಣ್ಲಿಲ್ಲ. ನಾಳೆ ಸ್ಲೈಡಿನಲ್ಲಿ ಇದ್ದದ್ದೂ ಕಾಣದೆ ಹೋದ್ರೆ? ಯಾರದ್ದೋ ಜೀವ ಅದು.”

“ಸಾರ್, ಯಾರಾದ್ರೂ ಬಿಚ್ಚಿರಬಹುದು” ಎಂದೆ. ಅಷ್ಟರ ಮಟ್ಟಿಗೆ ಧೈರ್ಯ ಬಂತು.

“ಯಾರು ಬಿಚ್ತಾರೆ? ಬಿಚ್ಚುವವ ನಾನೇ ಅಲ್ವಾ?” ಎಂದು ನಕ್ಕರು.

ಆಗ ಹೇಳಬಹುದಿತ್ತು. ಅವರು ರಾಜೀನಾಮೆ ಕೊಟ್ಟ ಮೇಲಿನ ಮೂರು ತಿಂಗಳ ನೋಟಿಸಿನ ಅವಧಿಯಲ್ಲಿ ಯಾವ ದಿನ ಬೇಕಾದರೂ ಹೇಳಬಹುದಿತ್ತು. ಏರ್‌ಪೋರ್ಟಿಗೆ ಅವರನ್ನು ಬಿಟ್ಟದ್ದು ನನ್ನದೇ ಕಾರಿನಲ್ಲಿ. ಆಮೇಲೆ ಎರಡು ಸಲ ಉಡುಪಿಗೆ ಹೋಗಿ, ಅವರ ಮನೆಯ ಜಗುಲಿಯಲ್ಲಿ ಕೂತು, ಅಕ್ಕ ಕೊಟ್ಟ ನೀರುದೋಸೆ ತಿಂದು ಬಂದೆ. ದಿನ ಕಳೆದಷ್ಟೂ ಮಾತಿನ ಜೊತೆ ಅಷ್ಟು ದಿನಗಳ ಮೌನಕ್ಕೂ ಕಾರಣ ಕೊಡಬೇಕಾಗುತ್ತಿತ್ತು. ನನ್ನ ಹೇಡಿತನಕ್ಕೆ ನಾನು ಬೇರೆ ಹೆಸರುಗಳನ್ನು ಹುಡುಕಿದ್ದುಂಟು, ಅವರ ಮನಸ್ಸು ನೋಯಿಸಬಾರದು ಅಂತೆಲ್ಲ. ಹೇಡಿತನವೇ ಅದು. ರಾಯರು ಊರಿಗೆ ಹೋದ ಮೇಲೆ ಹದಿನಾರು ವರ್ಷ ಬದುಕಿದ್ದರು. ಮತ್ತೆ ಮೈಕ್ರೋಸ್ಕೋಪು ಮುಟ್ಟಲಿಲ್ಲ.

ಮರಳನ್ನು ಗುಡಿಸದೆ ಅದರ ಪಕ್ಕದಲ್ಲೇ ಕೂತು ಸುಮತಿ ಅಕ್ಕನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಟೋಪಿ, ಗಂಟು, ಜೋಡಿಸಿಕೊಂಡಿದ್ದ ತಮಾಷೆಯ ಮಾತು, ಒಂದನ್ನೂ ಬಿಡದೆ.

“ದಿನಾ ಬೆಳಿಗ್ಗೆ ಕ್ಯಾಲೆಂಡರಿಗೆ ಬೆನ್ನು ಹಾಕಿ ನಿಲ್ತಿದ್ರು” ಎಂದರು ಅಕ್ಕ. “ತಾರೀಕು, ವಾರ, ತಿಥಿ ಹೇಳಿ, ‘ಸರಿ ಉಂಟಾ ಸುಮತಿ?’ ಅಂತ ಕೇಳೂದು. ತಲೆ ಎಷ್ಟು ಉಳಿದಿದೆ ಅಂತ ಪರೀಕ್ಷೆ. ಹದಿನಾರು ವರ್ಷ. ಒಂದು ದಿನವೂ ತಪ್ಪಲಿಲ್ಲ.”

ನಾನು ಮರಳಿನ ಪಕ್ಕದ ಗಂಟನ್ನು ಕೈಗೆತ್ತಿಕೊಂಡೆ.

“ತಪ್ಪದಿದ್ರೂ ಹೆದರಿಕೆ ಹೋಗ್ಲಿಲ್ಲ ಅವರಿಗೆ. ದೇವಸ್ಥಾನಕ್ಕೂ ನನ್ನ ಸೆರಗು ಹಿಡ್ಕೊಂಡೇ ಬರ್ತಿದ್ರು, ದಾರಿ ತಪ್ತೇನೆ ಅಂತ. ಒಂದು ಮಾತು ಹೇಳ್ಬಹುದಿತ್ತಲ್ಲ ನೀವು? ಬೈತಿರ್ಲಿಲ್ಲ ಅವರು. ನಗ್ತಿದ್ರು.”

“ಹೌದು ಅಕ್ಕ.”

ಅವರು ಅಳುತ್ತಿದ್ದರೋ ಏನೋ, ದನಿ ಮಾತ್ರ ಗಟ್ಟಿಯಿತ್ತು. ಕ್ಷಮೆ ಕೇಳಿದೆ. “ಆ ತುಂಡುಗಳು ಉಂಟಲ್ಲ, ಅದನ್ನು ಕಳಿಸಿ ನನಗೆ. ಅವರ ಪಂಚೆ ಅದು” ಎಂದು ಫೋನ್ ಇಟ್ಟರು.

ಈಗ ಮೇಜಿನ ಮೇಲೆ ಲಕೋಟೆ ಇದೆ. ಉಡುಪಿಯ ವಿಳಾಸ ಬರೆದಾಗಿದೆ. ತುಂಡುಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸೋಣವೆಂದು ಹೆಂಡತಿ ಕೈಚಾಚಿದಳು, ನಾನು ಕೊಡಲಿಲ್ಲ. ಹದಿನಾಲ್ಕರಲ್ಲೂ ರಾಯರು ಹಾಕಿದ ಗಂಟಿನ ಸುಕ್ಕು ಇನ್ನೂ ಹಾಗೇ ಇದೆ. ಎಷ್ಟು ಬಿಗಿಯಾಗಿ, ಎಷ್ಟು ಸರಿಯಾಗಿ ಕಟ್ಟಿದ್ದರು ಎಂಬುದನ್ನು ಅಕ್ಕ ನೋಡಬೇಕು.