ಕೂಗದ ಇಂಜಿನ್ನು

ನಂಬದಿದ್ದರೆ ಬಿಡಿ, ಚನ್ನಪಟ್ಟಣ ತಾಲೂಕಲ್ಲಿ ನಾನು ಕೂಗಿಸದ ಆಟದ ರೈಲೇ ಇಲ್ಲ. ದೊಡ್ಡಮಳೂರಿನ ಅಜ್ಜಿಯೊಬ್ಬರು ಮನೆಗೆ ಕರೆಸಿ ಮರದ ಇಂಜಿನ್ನೊಂದನ್ನು ಮುಂದಿಟ್ಟರು. ತೀರಿಕೊಂಡ ಗಂಡ ಕೈಯಾರೆ ಕಡೆದಿದ್ದಂತೆ. ಹೊಸ ಬ್ಯಾಟರಿ ಹಾಕಿದೆ, ಓಡಿತು, ಕೂಗಲಿಲ್ಲ.

"ಸೌಂಡ್ ಬೋರ್ಡು ಹೋಗೈತೆ. ಹೊಸದು ಹಾಕ್ಬುಡ್ತೀನಿ ಬುಡಜ್ಜಿ, ಊರೇ ತಿರುಗಿ ನೋಡ್ಬೇಕು."

ಅಜ್ಜಿ ನನ್ನ ಕೈ ಹಿಡಿದರು. "ಬ್ಯಾಡ ಕಣ್ ಮಗ. ಅದ್ರಲ್ಲಿ ಕೂಗಿರೋದು ನಮ್ ಯಜಮಾನ್ರೇ. ಅವ್ರ ದನಿ ಇನ್ನೆಲ್ಲೂ ಇಲ್ಲ."

ಸ್ಕ್ರೂಡ್ರೈವರ್ ಕೆಳಗಿಟ್ಟೆ. ಕಿವಿಗೊತ್ತಿ ಕೇಳಿದರೆ ಒಳಗೆ ಏನೋ ಗೊಣಗುತ್ತಿತ್ತು. ಹೊಳಪು ಮಾಸದಿರಲೆಂದು ಅಜ್ಜಿ ವರ್ಷವರ್ಷ ಹಚ್ಚಿಸಿದ್ದ ಅರಗು ಸ್ಪೀಕರಿನ ತೂತುಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಸೂಜಿ ಕಾಯಿಸಿ ಒಂದೊಂದಾಗಿ ಬಿಡಿಸಿದೆ.

"ಕೂ... ಬೇಗ ಹತ್ಕೊಳ್ಳಮ್ಮಿ, ಹೊಂಟೋಯ್ತದೆ!"

ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡರು. ನಾನು ಇಂಜಿನ್ನನ್ನು ಇನ್ನೊಂದು ಸಲ ಓಡಿಸಿದೆ. ಆಮೇಲೆ ಅವರು ನನಗೆ ಮುದ್ದೆ, ಉಪ್ಸಾರು ಕೊಟ್ಟರು.